ಕೆಂಪು ದೀಪದ ಮುಂದೆ ಹಾರ್ನ್ ಏಕೆ?

ಸಿಗ್ನಲ್‌ನಲ್ಲಿ ಕೆಂಪು ದೀಪ ಉರಿಯುತ್ತಿರುವಾಗ ಹಾರ್ನ್ ಒತ್ತುವುದರಿಂದ ಯಾರಿಗೆ ಏನು ಸಿಗುತ್ತದೆ? ಇಂದು ಬೆಳಿಗ್ಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಎದುರು ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಹಸಿರು ದೀಪಕ್ಕೆ ಇನ್ನೂ ಬಹಳ ಹೊತ್ತಿದೆ ಎಂದು ಟೈಮರ್ ಎಲ್ಲರ ಕಣ್ಣೆದುರೇ ತೋರಿಸುತ್ತಿತ್ತು, ಮುಂದೆ ಒಂದು ಸೈಕಲ್ ನುಗ್ಗಲೂ ಜಾಗವಿರಲಿಲ್ಲ. ಆದರೂ ಹಿಂದೆ ನಿಂತಿದ್ದ ಕಾರು, ಟೆಂಪೊ, ಖಾಸಗಿ ಬಸ್ಸುಗಳು ಒಂದೇ ಸಮನೆ ಹಾರ್ನ್ ಮಾಡುತ್ತಿದ್ದವು. ಕಾಂಪೌಂಡ್ ಗೋಡೆಯ ಮೇಲೆ ‘ನಿಶ್ಶಬ್ದ ವಲಯ’ ಎಂಬ ಫಲಕವಿತ್ತು. ಅದರ ಕೆಳಗೇ ನಿಂತಿದ್ದ ಆಟೋದಲ್ಲಿ, ತಲೆಗೆ ಬ್ಯಾಂಡೇಜ್ ಸುತ್ತಿದ್ದ ಹಿರಿಯರೊಬ್ಬರು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕುಳಿತಿದ್ದರು.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮೀರುವಂತಿಲ್ಲ. ಹತ್ತಿರದಿಂದ ಕೇಳಿದರೆ ಕಾರಿನ ಹಾರ್ನ್ ನೂರು ಡೆಸಿಬಲ್ ಮುಟ್ಟುವುದು ಸಾಮಾನ್ಯ. ಐವತ್ತು ನೂರಾದರೆ ಸದ್ದು ಇಮ್ಮಡಿಯಾಯಿತು ಎಂದು ತಿಳಿಯುವವರಿದ್ದಾರೆ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ ಹತ್ತು ಏರಿದಾಗಲೂ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಹಾಗಾಗಿ ಐವತ್ತರಿಂದ ನೂರಕ್ಕೆ ಹೋಗುವಷ್ಟರಲ್ಲಿ ಅದು ಒಂದು ಲಕ್ಷ ಪಟ್ಟಾಗಿರುತ್ತದೆ. ಅನಗತ್ಯವಾಗಿ ಹಾರ್ನ್ ಮಾಡಿದರೆ ಮೊದಲ ಸಲ 1,000, ಮತ್ತೆ ಮಾಡಿದರೆ 2,000 ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮು ಹೇಳುತ್ತದೆ. ಈ ದಂಡ ಕಟ್ಟಿದ ಒಬ್ಬರನ್ನೂ ನಾನು ಈವರೆಗೆ ಭೇಟಿಯಾಗಿಲ್ಲ.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆಯೇ ಬೆಳೆದವನಿಗೆ ಇದೆಲ್ಲ ಯಾವ ದೊಡ್ಡ ಸದ್ದು ಎಂದು ನನ್ನನ್ನು ಬಲ್ಲವರು ಕೇಳಬಹುದು. ಬೆಳೆದದ್ದು ಅಲ್ಲಿ ಎಂಬ ಕಾರಣಕ್ಕೇ ನನಗೆ ಇಷ್ಟು ಸಿಟ್ಟು. ವಿದ್ಯುತ್ ಮಗ್ಗಗಳ ನಡುವೆ ದುಡಿದ ನಮ್ಮಪ್ಪನಿಗೆ ಐವತ್ತು ತುಂಬುವ ಮೊದಲೇ ಕಿವಿ ಮಂದವಾಗಿತ್ತು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದು ವೈದ್ಯರು ಹೇಳಿದ ದಿನ ಅಮ್ಮ ಅತ್ತಿದ್ದು ನನಗೆ ನೆನಪಿದೆ, ಅಪ್ಪನಿಗೆ ಆ ಅಳು ಕೇಳಿಸಿರಲಿಲ್ಲ. ಆದರೆ ಆ ಸದ್ದಿನಿಂದ ಸೀರೆ ನೇಯಲ್ಪಡುತ್ತಿತ್ತು, ನಮ್ಮ ಮನೆಯ ಒಲೆ ಉರಿಯುತ್ತಿತ್ತು, ನನ್ನ ಕಾಲೇಜಿನ ಫೀಸು ಹೊರಡುತ್ತಿತ್ತು. ಕೆಂಪು ದೀಪದ ಮುಂದಿನ ಹಾರ್ನ್‌ನಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.

ಹಾರ್ನ್ ಇಲ್ಲದೆ ನಮ್ಮ ರಸ್ತೆಗಳಲ್ಲಿ ಗಾಡಿ ಓಡಿಸಲು ಸಾಧ್ಯವೇ ಎಂದು ಕೆಲವರು ವಾದಿಸುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಾರ್ನ್ ಮಾಡಿ, ಮಾಡಲೇಬೇಕು. ದನವೋ ಮಗುವೋ ಅಡ್ಡ ಬಂದರೂ ಮಾಡಿ. ನಾನು ಕೇಳುತ್ತಿರುವುದು ನಿಂತ ಗಾಡಿಯ ಬಗ್ಗೆ. ನಿಂತ ಗಾಡಿ ಯಾರನ್ನು ಎಚ್ಚರಿಸಬೇಕು? ಎಲ್ಲರೂ ಒಟ್ಟಿಗೆ ಹಾರ್ನ್ ಮಾಡುವ ಜಾಗದಲ್ಲಿ ಎಚ್ಚರಿಕೆ ಎಂಬುದೇ ಉಳಿಯುವುದಿಲ್ಲ, ಆಂಬುಲೆನ್ಸಿನ ಸೈರನ್ ಕೂಡ ಆ ಗದ್ದಲದಲ್ಲಿ ಕರಗಿ ಹೋಗುತ್ತದೆ.

2020ರಲ್ಲಿ ಮುಂಬೈ ಪೊಲೀಸರು ಸಿಗ್ನಲ್ ಕಂಬಗಳಿಗೆ ಡೆಸಿಬಲ್ ಮಾಪಕ ಜೋಡಿಸಿ, ಸದ್ದು 85 ದಾಟಿದರೆ ಕೆಂಪು ದೀಪದ ಟೈಮರ್ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. ಹಾರ್ನ್ ಮಾಡಿದಷ್ಟೂ ಕಾಯಬೇಕು ಎಂಬ ಈ ಏರ್ಪಾಡಿನಷ್ಟು ನ್ಯಾಯವಾದದ್ದನ್ನು ನಾನು ರಸ್ತೆಯಲ್ಲಿ ಕಂಡಿಲ್ಲ. ಹೆಲ್ಮೆಟ್ ಇಲ್ಲದವರನ್ನು ಕ್ಯಾಮೆರಾದಲ್ಲಿ ಹಿಡಿದು ಮನೆಗೆ ನೋಟಿಸು ಕಳಿಸುವ ಬೆಂಗಳೂರಿಗೆ, ಆಸ್ಪತ್ರೆಗಳ ಎದುರಿನ ಸಿಗ್ನಲ್‌ಗಳಲ್ಲಾದರೂ ಇಂತಹ ಮಾಪಕಗಳನ್ನು ಕಾಯಂ ಆಗಿ ಹಾಕುವುದು ಕಷ್ಟವಾಗಲಾರದು. ನಮ್ಮ ವಾರ್ಡಿನ ಗೆಳೆಯರು ಒಪ್ಪಿದರೆ ಸಂಚಾರ ಪೊಲೀಸರಿಗೆ ಈ ಬಗ್ಗೆ ಮನವಿ ಬರೆಯುತ್ತೇನೆ; ಸಹಿ ಹಾಕುವವರು ಇಲ್ಲೇ ತಿಳಿಸಿ.