ಕ್ಯೋಟೊದಲ್ಲಿ ಮೂರು ವಿಷಲ್

ಒಂದು ವರ್ಷದ ಎಕ್ಸ್‌ಚೇಂಜ್ ಓದಿಗೆ ಕ್ಯೋಟೊಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಪುಸ್ತಕಕ್ಕೆ ಜಾಗ ಇರಲಿಲ್ಲ. ಅಮ್ಮ ಮಿಕ್ಸಿ, ಮೂರು ಲೀಟರಿನ ಕುಕ್ಕರ್ ಎರಡನ್ನೂ ತುರುಕಿದ್ದರು. "ಅಕ್ಕಿ ಬೇಳೆ ಎಲ್ಲಾದ್ರೂ ಸಿಗುತ್ತೆ ಕಣೋ, ನಮ್ಮ ಕುಕ್ಕರ್ ಎಲ್ಲಿ ಸಿಗಬೇಕು?"

ಮಿಕ್ಸಿ ಮೊದಲ ದಿನವೇ ಕೈಕೊಟ್ಟಿತು. ಜಪಾನಿನಲ್ಲಿ ಕರೆಂಟು 100 ವೋಲ್ಟು. ನಮ್ಮ ಮಿಕ್ಸಿ 230 ಕುಡಿದು ಬೆಳೆದದ್ದು. ಸ್ವಿಚ್ ಹಾಕಿದರೆ ಉಬ್ಬಸದವರ ಹಾಗೆ ಒಂದು ಸಲ ಗೊರಗುಟ್ಟಿ ಮಲಗಿತು. ಕುಕ್ಕರ್‌ಗೆ ಆ ತಾಪತ್ರಯ ಇಲ್ಲ. ಗ್ಯಾಸ್ ಇದ್ದರೆ ಸಾಕು, ಯಾವ ದೇಶದಲ್ಲಾದರೂ ಕೂಗುತ್ತೆ.

ಹಾಗಂತ ಅಡುಗೆ ಮಾಡುವ ಹುಮ್ಮಸ್ಸೇನೂ ನನಗಿರಲಿಲ್ಲ. ಮೊದಲು ಹೊರಗಡೆಯೇ ತಿನ್ನಲು ನೋಡಿದೆ. "ಮಾಂಸ ಬೇಡ" ಅಂತ ಬಾಯಿಪಾಠ ಮಾಡಿಕೊಂಡು ಹೋಗಿ ಹೇಳಿದೆ. ಹೋಟೆಲಿನವರು ಪ್ರೀತಿಯಿಂದ ಬಿಸಿ ತೋಫು ತಂದಿಟ್ಟರು. ಅದರ ಮೇಲೆ ಬಡಗಿಯ ಉಜ್ಜುಗೊರಡಿನಿಂದ ಬಿದ್ದ ಹೊಟ್ಟಿನಂಥದ್ದೇನೋ ಹಬೆಗೆ ಥಕಥಕ ಕುಣಿಯುತ್ತಿತ್ತು. ಒಣಗಿಸಿ ಹೆರೆದ ಮೀನಂತೆ. ಅಲ್ಲಿನ ಲೆಕ್ಕದಲ್ಲಿ ಮೀನು ಮಾಂಸ ಅಲ್ಲ, ಅದು ಸುಮ್ನೆ ರುಚಿಗೆ.

ಮಾರನೇ ದಿನ ಬ್ರೆಡ್ಡು ಹಿಡಿದು ಕಾಮೊ ನದಿ ದಡಕ್ಕೆ ಹೋದೆ. ದೆಮಾಚಿಯಾನಗಿ ಹತ್ತಿರ ಎರಡು ಹೊಳೆ ಸೇರುವ ಜಾಗ ಅದು. ನೀರಲ್ಲಿ ದಾಟಲು ಆಮೆಯ ಆಕಾರದ ಕಲ್ಲುಗಳಿವೆ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ಕಪಾಳಕ್ಕೆ ಟವೆಲ್ಲಲ್ಲಿ ಹೊಡೆದ ಹಾಗಾಯಿತು. ಕೈ ಖಾಲಿ. ಮೇಲೆ ನೋಡಿದರೆ ಹದ್ದು, ನನ್ನ ಬ್ರೆಡ್ಡು. 'ಹದ್ದು ಬರುತ್ತೆ, ಎಚ್ಚರ' ಅಂತ ಬೋರ್ಡೂ ಇತ್ತು. ನಾನು ಅದಕ್ಕೇ ಒರಗಿ ಕೂತಿದ್ದೆ.

ಅಲ್ಲಿಗೆ ಕುಕ್ಕರ್ ಹೊರಬಂತು. ದಿನಾ ಬೆಳಿಗ್ಗೆ ಆರೂವರೆಗೆ ಬೇಳೆ ಇಡೋದು, ಮೂರು ವಿಷಲ್. ನನ್ನದು ಹಳೇ ಮರದ ಕಟ್ಟಡದ ಒಂದು ಕೋಣೆ. ಗೋಡೆ ಅಂದರೆ ಹಪ್ಪಳ. ಪಕ್ಕದ ಕೋಣೆಯಲ್ಲಿ ಒಬ್ಬ ಅಜ್ಜಿ ಇದ್ದರು.

ಒಂದು ದಿನ ಹಳದಿ ಚೀಲದಲ್ಲಿ ಕಸ ಇಡಲು ಹೋದೆ. ಕಾಗೆ ಕೆದಕದಂತೆ ಅದರ ಮೇಲೆ ಬಲೆ ಹೊದಿಸುತ್ತಿದ್ದಾಗ ಅಜ್ಜಿ ಸಿಕ್ಕರು. ನಡು ಬಗ್ಗಿಸಿ, ನಗುತ್ತಾ, "ಬೆಳಿಗ್ಗೆ ಬೆಳಿಗ್ಗೆನೇ ಎಷ್ಟು ಲವಲವಿಕೆ ನಿಮ್ಮ ಮನೇಲಿ! ಚೆನ್ನಾಗಿರುತ್ತೆ" ಅಂದರು. ನಾನು ಉಬ್ಬಿಹೋದೆ. ನಾನೂ ಬಗ್ಗಿ, ನಾಳೆಯಿಂದ ಇನ್ನೂ ಬೇಗ ಏಳುತ್ತೇನೆ ಅಂದೆ. ಎದ್ದೆ ಕೂಡ. ಆರು ಗಂಟೆಗೇ ಐದು ವಿಷಲ್.

ಲ್ಯಾಬಿನ ಗೆಳೆಯನಿಗೆ ಇದನ್ನು ಹೆಮ್ಮೆಯಿಂದ ಹೇಳಿದೆ. ಅವನು ಚಹಾ ಕೆಳಗಿಟ್ಟ.

"ಅದು ಬೈದದ್ದು."

"ನಗ್ತಾ ಇದ್ರು!"

"ಅದಕ್ಕೇ."

ಆಮೇಲೆ ಪಾಠ ಶುರುವಾಯಿತು. ಕ್ಯೋಟೊದಲ್ಲಿ ಯಾರಾದರೂ 'ನಿಮ್ಮ ಮಗಳು ಪಿಯಾನೊ ಚೆನ್ನಾಗಿ ನುಡಿಸ್ತಾಳೆ' ಅಂದರೆ ಸದ್ದು ಕಡಿಮೆ ಮಾಡಿ ಅಂತ ಅರ್ಥ. ಮನೆಗೆ ಹೋದಾಗ 'ಬುಬುಜುಕೆ ತಿಂತೀರಾ?' ಅಂತ ಕೇಳಿದರೆ, ಅಂದರೆ ಅನ್ನದ ಮೇಲೆ ಚಹಾ ಹುಯ್ದು ಕೊಡಲಾ ಅಂದರೆ, ಇನ್ನು ಎದ್ದು ಹೊರಡಿ ಅಂತ. ಜಪಾನಿನವರೇ ಹೇಳಿಕೊಂಡು ನಗುವ ಮಾತುಗಳಿವು. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಅರಮನೆಯ ನೆರಳಲ್ಲಿ ಬಾಳಿದ ಊರು. ನೇರ ಮಾತಾಡಿದವರು ಜಾಸ್ತಿ ದಿನ ಉಳಿದಿರಲಿಕ್ಕಿಲ್ಲ ಅಂತ ನನ್ನ ಅನುಮಾನ. ನಾನೋ ದಾವಣಗೆರೆಯವನು. ನಮ್ಮಲ್ಲಿ 'ಊಟ ಮಾಡ್ಕೊಂಡೇ ಹೋಗು' ಅಂದರೆ ಊಟ ಮಾಡಿಕೊಂಡೇ ಹೋಗಬೇಕು. ಇಲ್ಲದಿದ್ದರೆ ಮುಂದಿನ ಮದುವೆಯವರೆಗೂ ಮಾತು ಬರುತ್ತೆ.

ನಾಚಿಕೆಯಿಂದ ಅವತ್ತೇ ಅಮ್ಮನಿಗೆ ಫೋನ್ ಮಾಡಿದೆ. "ಅಜ್ಜಿ ಹಿಂಗಂದ್ರು ಅಂತ, ಅದು ಬೈಗುಳ ಅಂತ, ಇವನು ಹೇಳ್ದ ಅಂತ..." ಹೋಗಿಬರುವವರೆಲ್ಲ ತಿರುಗಿ ನೋಡುತ್ತಿದ್ದರು. ಜಪಾನಿಯಲ್ಲಿ 'ಅಂತಾ' ಅಂದರೆ 'ನೀನು', ಅದೂ ಸ್ವಲ್ಪ ಒರಟಾಗಿ. ವಾಕ್ಯಕ್ಕೊಂದು ಸಲ ಯಾರನ್ನೋ 'ಏಯ್, ನೀನು' ಅಂತ ಗದರಿಸಿದ ಹಾಗೆ ಕೇಳಿರಬೇಕು. ಎರಡು ಭಾಷೆಯ ವಾಕ್ಯ ಕಟ್ಟುವ ರೀತಿ ಒಂದೇ, ಕನ್ನಡದವರಿಗೆ ಸಲೀಸು ಅಂತ ಊರಲ್ಲಿ ಧೈರ್ಯ ತುಂಬಿ ಕಳಿಸಿದ್ದರು. ಈ ವಿಷಯ ಯಾರೂ ಹೇಳಿರಲಿಲ್ಲ.

ಮರುದಿನದಿಂದ ಬೇಳೆ ರಾತ್ರಿಯೇ ನೆನೆಹಾಕಿ, ಪಾತ್ರೆಯಲ್ಲೇ ಬೇಯಿಸಿದೆ. ಒಂದು ವಿಷಲ್ ಇಲ್ಲ. ಎರಡು ವಾರದ ಮೇಲೆ ಕಸದ ಬಲೆಯ ಹತ್ತಿರ ಅಜ್ಜಿ ಮತ್ತೆ ಸಿಕ್ಕರು. ಅದೇ ನಗು. "ಈಚೆಗೆ ತುಂಬಾ ನಿಶ್ಶಬ್ದ. ಊರಿಗೆ ಹೋದಿರೇನೋ ಅಂದುಕೊಂಡೆ." ಅಷ್ಟು ಹೇಳಿ ಒಂದು ಪೊಟ್ಟಣ ಮೂಲಂಗಿ ಉಪ್ಪಿನಕಾಯಿ ಕೈಗಿಟ್ಟು ಹೋದರು.

ನನಗೆ ರಾತ್ರಿ ನಿದ್ದೆ ಬರಲಿಲ್ಲ. ಊರಿಗೆ ಹೋಗು ಅಂತ ಅರ್ಥವಾ? ಉಪ್ಪಿನಕಾಯಿ ಯಾಕೆ? ಬೆಳಿಗ್ಗೆ ಪೊಟ್ಟಣದ ಸಮೇತ ಲ್ಯಾಬಿಗೆ ಓಡಿದೆ. ಗೆಳೆಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅಜ್ಜಿಯ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದ. ಒಂದು ಚೂರು ತೆಗೆದು ಬಾಯಿಗೂ ಹಾಕಿಕೊಂಡ.

"ಇಷ್ಟು ಆಳದ್ದು ನಂಗೂ ಗೊತ್ತಾಗಲ್ಲ ಮಾರಾಯ," ಅಂದ. "ನಾನು ಒಸಾಕಾದವನು."

ಒಸಾಕಾ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ.