ಮೀಟರ್ ಮೇಲೆ ಇಪ್ಪತ್ತು, ಈಗ ಒಂದೇ ಟ್ಯಾಪ್‌ನಲ್ಲಿ

ಬೆಂಗಳೂರಿನಲ್ಲಿ ಕೆಲಸವೇ ಇಲ್ಲದೆ ಇಷ್ಟು ಮರ್ಯಾದೆ ಗಿಟ್ಟಿಸಿಕೊಂಡಿರುವ ವಸ್ತು ಆಟೋ ಮೀಟರ್ ಒಂದೇ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿ, ಸೀಲು ಹಾಕಿ, ಪ್ರಮಾಣಪತ್ರ ಕೊಡುತ್ತಾರೆ. ಆಯುಧಪೂಜೆ ದಿನ ಅದಕ್ಕೂ ಕುಂಕುಮ, ಒಂದು ಸೇವಂತಿಗೆ. ಆಮೇಲೆ ಮೇಲೊಂದು ಒರೆಸುವ ಬಟ್ಟೆ ಹೊದಿಸಿ ಮಲಗಿಸಿದರೆ, ಮುಂದಿನ ದರ ಪರಿಷ್ಕರಣೆಗೇ ಎಬ್ಬಿಸುವುದು. ಹಾಗೆ ಎಬ್ಬಿಸಿ 2025ರ ಆಗಸ್ಟ್ 1ರಿಂದ ಹೊಸ ಪಾಠ ಹೇಳಿಕೊಟ್ಟರು: ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಅಲ್ಲಿಂದಾಚೆ ಕಿಲೋಮೀಟರ್‌ಗೆ 18. ಅದಕ್ಕೂ ಮೊದಲು, 2021ರ ಡಿಸೆಂಬರ್‌ನಿಂದ, 30 ಮತ್ತು 15 ಇತ್ತು. ಕಾಯಿಸಿದರೆ ಮೊದಲ ಐದು ನಿಮಿಷ ಪುಕ್ಕಟೆ, ಆಮೇಲೆ 15 ನಿಮಿಷಕ್ಕೆ 10 ರೂಪಾಯಿ. ರಾತ್ರಿ ಹತ್ತರಿಂದ ಬೆಳಗಿನ ಜಾವ ಐದರವರೆಗೆ ಒನ್ ಅಂಡ್ ಹಾಫ್.

ಇದರಲ್ಲಿ ಲೆಕ್ಕ ಮಾಡುವವರಿಗೆ ಒಂದು ಅನುಕೂಲವಿದೆ. 36ರ ಅರ್ಧ 18. ಹಾಗಾಗಿ ಎಷ್ಟು ಕಿಲೋಮೀಟರೋ ಅದನ್ನು 18ರಿಂದ ಗುಣಿಸಿದರೆ ಬಾಡಿಗೆ ಬಂತು. ಎಷ್ಟೇ ಹತ್ತಿರವಾದರೂ 36ಕ್ಕಿಂತ ಕಡಿಮೆ ಇಲ್ಲ. ಮೂರು ಕಿಲೋಮೀಟರ್‌ಗೆ 54. ಆರಕ್ಕೆ 108. ಮೂರನೇ ಕ್ಲಾಸಿನ ಮಗುವೂ ಹೇಳಬಲ್ಲ ಈ ಮೊತ್ತವನ್ನು ಕಂಡುಹಿಡಿಯಲಾಗದೆ ಒಂದು ಊರಿಗೆ ಊರೇ ನಾಲ್ಕಾರು ಆ್ಯಪ್ ಇಟ್ಟುಕೊಂಡಿದೆ.

ನಾಲ್ಕಾರು ಯಾಕೆ ಎಂದರೆ, ಒಂದರಲ್ಲಿ ದರ ನೋಡಬೇಕು, ಇನ್ನೊಂದರಲ್ಲಿ ಹೋಲಿಸಬೇಕು, ಮೂರನೆಯದರಲ್ಲಿ ಬುಕ್ ಮಾಡಬೇಕು, ಕೊನೆಗೆ ರಸ್ತೆಯಲ್ಲಿ ನಿಂತ ಆಟೋ ಹತ್ತಬೇಕು. ರಸ್ತೆಯಲ್ಲಿ ನಿಂತವರನ್ನು "ಗಾಂಧಿ ಬಜಾರ್ ಬರ್ತೀರಾ?" ಅಂತ ಕೇಳಿ ನೋಡಿ. "ಮೀಟರ್ ಹಾಕ್ತೀನಿ" ಎಂಬ ಉತ್ತರವೂ ಇಲ್ಲ, "ನೂರೈವತ್ತು ಕೊಡಿ" ಎಂಬ ಹಳೇ ಉತ್ತರವೂ ಇಲ್ಲ. "ಆ್ಯಪ್‌ನಲ್ಲಿ ಎಷ್ಟು ತೋರಿಸ್ತಿದೆ ನೋಡಿ ಸರ್, ಅಷ್ಟೇ ಕೊಡಿ" ಅಂತಾರೆ. ಆಟೋ ಕಣ್ಣೆದುರೇ ಇದೆ. ಅದರೊಳಗೆ ಸೀಲು ಬಿದ್ದ ಮೀಟರ್ ಇದೆ. ದರ ಮಾತ್ರ ಗಿರಾಕಿಯ ಜೇಬಿನಿಂದ ಬರಬೇಕು. ಬುಕ್ ಮಾಡುವುದಕ್ಕೆ ಹುಟ್ಟಿದ ಆ್ಯಪ್ ಈಗ ಗೋಡೆಗೆ ತೂಗುಹಾಕಿದ ದರಪಟ್ಟಿ.

"ಮೀಟರ್ ಮೇಲೆ ಇಪ್ಪತ್ತು ಕೊಡಿ" ಎಂಬುದು ಈ ಊರಿನ ಹಳೇ ಪದ್ಧತಿ. ಅದನ್ನು ತೊಲಗಿಸುತ್ತೇವೆ ಎಂದೇ ಆ್ಯಪ್‌ಗಳು ಬಂದದ್ದು. ಚೌಕಾಸಿ ಇಲ್ಲ, ವಾದ ಇಲ್ಲ, ಬಟನ್ ಒತ್ತಿದರೆ ಮನೆ ಬಾಗಿಲಿಗೆ ಆಟೋ. ಆ ಇಪ್ಪತ್ತು ಎಲ್ಲಿಗೂ ಹೋಗಲಿಲ್ಲ. ನೇರವಾಗಿ ಆ್ಯಪ್ ಒಳಗೆ ಹೋಗಿ ಕುಳಿತು, ಹಸಿರು ಬಣ್ಣ ಬಳಿದುಕೊಂಡು, ಹತ್ತು, ಇಪ್ಪತ್ತು, ಮೂವತ್ತು ಎಂಬ ಮೂರು ಗುಂಡಿಗಳಾಯಿತು. ಹಿಂದೆ ಇಪ್ಪತ್ತು ಕೇಳುವಾಗ ಚಾಲಕರ ಮುಖದಲ್ಲಿ ಒಂದಿಷ್ಟಾದರೂ ಸಂಕೋಚ ಇರುತ್ತಿತ್ತು. ಗುಂಡಿಗೆ ಮುಖವಿಲ್ಲ.

ಆ ಗುಂಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಸಂಜೆ ಆರೂವರೆ, ತುಂತುರು ಮಳೆ, ನಾಲ್ಕು ಕಿಲೋಮೀಟರ್ ದೂರ. ಮೀಟರ್ ಪ್ರಕಾರ 72. ಆ್ಯಪ್ 110 ಅಂದಿತು ಅಂದುಕೊಳ್ಳಿ. ನೀವು ಒಪ್ಪಿ ಬುಕ್ ಒತ್ತಿದಿರಿ. ಸುತ್ತಮುತ್ತಲ ಐದಾರು ಆಟೋಗಳ ಫೋನು ಒಟ್ಟಿಗೆ ಕಿರುಚಿತು. ಚಾಲಕರ ಪರದೆಯ ಮೇಲೆ ಪಿಕಪ್ ಎಷ್ಟು ದೂರ, ಡ್ರಾಪ್ ಎಲ್ಲಿ, ಎಷ್ಟು ಹಣ, ಎಲ್ಲ ಬಂತು. ಒಪ್ಪಿಕೊಳ್ಳಲು ಕೆಲವು ಸೆಕೆಂಡು. ಯಾರೂ ಒತ್ತಲಿಲ್ಲ. ಇನ್ನರ್ಧ ನಿಮಿಷದಲ್ಲಿ ನಿಮ್ಮ ಫೋನು ನಿಮಗೆ "ಸುತ್ತಮುತ್ತ ಆಟೋಗಳು ಬ್ಯುಸಿ ಇವೆ, 20 ರೂಪಾಯಿ ಸೇರಿಸಿದರೆ ಬೇಗ ಸಿಗಬಹುದು" ಎಂದು ಕಿವಿಮಾತು ಹೇಳುತ್ತದೆ ಎಂಬುದು ಆ ಐದಾರು ಜನರಿಗೂ ಗೊತ್ತು. ಬೇಗ ಒತ್ತಿದವನು ಪೆದ್ದ. ಎಲ್ಲರೂ ಬೀಡಾ ಅಗಿಯುತ್ತಾ ಕಾಯುತ್ತಾರೆ. ನೀವು ಇಪ್ಪತ್ತು ಒತ್ತುತ್ತೀರಿ. ಒಂದು ಆಟೋ ಒಪ್ಪಿಕೊಳ್ಳುತ್ತದೆ. "ನೋಡಿದೆಯಾ, ಕೆಲಸ ಮಾಡ್ತು" ಎಂದು ನೀವು ಖುಷಿಪಡುತ್ತೀರಿ.

ಕೆಲಸ ಮಾಡಿದ್ದು ಹೌದು, ಒಂದೆರಡು ತಿಂಗಳು. ನಿಮ್ಮ ಪಕ್ಕದಲ್ಲಿ ನಿಂತು ಅದೇ ಮಳೆಯಲ್ಲಿ ನೆನೆಯುತ್ತಿರುವ ನಾಲ್ವರೂ ಇಪ್ಪತ್ತು ಒತ್ತುವುದು ಕಲಿತ ದಿನ, ಇಪ್ಪತ್ತು ಅಂದರೆ ಸೊನ್ನೆ. ಸರದಿ ಮೊದಲಿದ್ದ ಹಾಗೇ ಇದೆ, ಆಟೋಗಳೂ ಅಷ್ಟೇ ಇವೆ, ನೆಲಮಟ್ಟ ಮಾತ್ರ ಇಪ್ಪತ್ತು ರೂಪಾಯಿ ಮೇಲಕ್ಕೆ ಹೋಗಿದೆ. ಏನೂ ಸೇರಿಸದೆ ಕೇಳುವವನು ಜುಗ್ಗನಂತೆ ಕಾಣುತ್ತಾನೆ. ಆಗ ಆ್ಯಪ್ ಮೂವತ್ತರ ಕಿವಿಮಾತು ಶುರುಮಾಡುತ್ತದೆ. ಯಶವಂತಪುರದ ಎಪಿಎಂಸಿಯಲ್ಲಿ ಈರುಳ್ಳಿ ಹರಾಜು ಹಾಕುವುದೂ ಹೀಗೆಯೇ, ಆದರೆ ಅಲ್ಲಿ ಈರುಳ್ಳಿ ಕಣ್ಣೆದುರಿಗಿರುತ್ತದೆ, ಎದುರಿನವನು ಎಷ್ಟು ಕೂಗಿದ ಎಂಬುದು ಕಿವಿಗೆ ಬೀಳುತ್ತದೆ. ಇಲ್ಲಿ ಕಣ್ಣು ಕಟ್ಟಿ ಕೂಗಿಸುತ್ತಾರೆ.

ಹಾಗಂತ ಚಾಲಕರನ್ನು ಖಳನಾಯಕ ಮಾಡಿ ಮುಗಿಸಿಬಿಡುವುದು ಸುಲಭ, ಸರಿಯಲ್ಲ. ಸರ್ಕಾರಿ ದರಪಟ್ಟಿಯ ಕಾಯುವ ದರವನ್ನೇ ಮತ್ತೊಮ್ಮೆ ನೋಡಿ: 15 ನಿಮಿಷಕ್ಕೆ 10, ಅಂದರೆ ಗಂಟೆಗೆ 40 ರೂಪಾಯಿ. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಆಟೋ ನಿಂತಲ್ಲೇ ನಿಂತಿದ್ದರೆ ಅದರ ಇಂಜಿನ್, ಗ್ಯಾಸ್, ಹ್ಯಾಂಡಲ್ ಹಿಡಿದ ಮನುಷ್ಯನ ಬೆನ್ನು, ಎಲ್ಲಕ್ಕೂ ಸೇರಿ ಸರ್ಕಾರ ಕಟ್ಟಿದ ಬೆಲೆ ಇದು. ಮೀಟರ್ ಇರುವುದು ಓಡುವ ಊರಿಗೆ. ಇದು ನಿಲ್ಲುವ ಊರು. ಇನ್ನು ಆ್ಯಪ್ ಗಿರಾಕಿಗಾಗಿ ಒಂದೂವರೆ ಕಿಲೋಮೀಟರ್ ಖಾಲಿ ಓಡಿಸಿಕೊಂಡು ಬಂದರೆ ಅದಕ್ಕೆ ಸರ್ಕಾರದ ಪಟ್ಟಿಯಲ್ಲಿ ಕಾಸೇ ಇಲ್ಲ. ಗಿರಾಕಿ ಸೀಟಿನ ಮೇಲೆ ಕೂತ ಮೇಲೆಯೇ ಲೆಕ್ಕ. ಇದನ್ನು ಸರಿಪಡಿಸುವ ಜಾಗ ದರಪಟ್ಟಿ. ಸರಿಪಡಿಸಿದ್ದು ಮೂರು ಹಸಿರು ಗುಂಡಿ.

ಸರ್ಕಾರ ಸುಮ್ಮನಿತ್ತೇ? ಖಂಡಿತ ಇಲ್ಲ. 2022ರ ಅಕ್ಟೋಬರ್‌ನಲ್ಲಿ, ಎರಡು ಕಿಲೋಮೀಟರ್‌ಗೂ ಕನಿಷ್ಠ 100 ರೂಪಾಯಿ ಕೀಳುತ್ತಿದ್ದಾರೆ ಎಂಬ ದೂರಿನ ಮೇಲೆ ಸಾರಿಗೆ ಇಲಾಖೆ ಆ್ಯಪ್ ಕಂಪನಿಗಳಿಗೆ ಆಟೋ ಸೇವೆ ನಿಲ್ಲಿಸಿ ಎಂದಿತು. ನವೆಂಬರ್‌ನಲ್ಲಿ, ಸರ್ಕಾರಿ ದರದ ಮೇಲೆ ಶೇ 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ತೆಗೆದುಕೊಳ್ಳಿ ಎಂದಿತು. 54 ರೂಪಾಯಿ ಸವಾರಿಗೆ ಎರಡು ರೂಪಾಯಿ ಎಪ್ಪತ್ತು ಪೈಸೆ, ಜಿಎಸ್‌ಟಿ ಬೇರೆ. ಕಂಪನಿಗಳು ಕೋರ್ಟಿಗೆ ಹೋದವು. 2024ರ ಮೇನಲ್ಲಿ ಹೈಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಗೆದ್ದೆವು ಎಂದು ಪಟಾಕಿ ಹೊಡೆಯುವಷ್ಟರಲ್ಲಿ ಕಂಪನಿಗಳು ಅಂಗಡಿಯ ಬೋರ್ಡನ್ನೇ ಬದಲಿಸಿದವು. ನಮ್ಮ ಯಾತ್ರಿ ಎಂಬ ಆ್ಯಪ್ 2022ರ ಕೊನೆಗೆ ಕಮಿಷನ್ ಇಲ್ಲ ಎಂದು ಬಂದು, ಆಮೇಲೆ ಚಾಲಕರಿಂದ ದಿನಕ್ಕೆ 25 ರೂಪಾಯಿ ಇಲ್ಲವೇ ಟ್ರಿಪ್ಪಿಗೆ ಮೂರೂವರೆ ರೂಪಾಯಿ ಎಂಬ ದಾರಿ ಹಿಡಿಯಿತು. ಉಳಿದವರೂ ಅದೇ ದಾರಿಗೆ ಬಂದರು. 2025ರ ಫೆಬ್ರವರಿಯಲ್ಲಿ ಉಬರ್ ಕೂಡ ಆಟೋಗೆ ಕಮಿಷನ್ ಬಿಟ್ಟು, ನಾವು ತೋರಿಸುವುದು ಸೂಚಿಸಿದ ದರ ಮಾತ್ರ, ಕೊನೆಯ ಮೊತ್ತವನ್ನು ಚಾಲಕರೂ ಪ್ರಯಾಣಿಕರೂ ಮಾತಾಡಿಕೊಳ್ಳಿ ಎಂದಿತು.

ಮಾತಾಡಿಕೊಳ್ಳಿ! ಉಪಗ್ರಹ, ಸರ್ವರ್, ಸಾವಿರಾರು ಇಂಜಿನಿಯರ್‌ಗಳು, ಕೋಟಿಗಟ್ಟಲೆ ಬಂಡವಾಳ ಎಲ್ಲ ಸುತ್ತಿ ಬಂದು ಮತ್ತೆ ಸ್ಟ್ಯಾಂಡಿನ ಚೌಕಾಸಿಗೇ ಬಂದು ನಿಂತಿತು. ಕಮಿಷನ್ನೇ ಇಲ್ಲದ ಮೇಲೆ ಆ ಶೇ 5ರ ಮಿತಿಯನ್ನು ಯಾರ ಕೊರಳಿಗೆ ಕಟ್ಟುವುದು? ಇತ್ತ ಚಾಲಕರು ಬೆಳಿಗ್ಗೆ ಬೋಣಿಗೆ ಮೊದಲೇ ಒಂದೊಂದು ಆ್ಯಪಿಗೂ ಪಾಸ್ ರೀಚಾರ್ಜ್ ಮಾಡಿಕೊಂಡು ಹೊರಡುತ್ತಾರೆ. ಹ್ಯಾಂಡಲ್ ಮೇಲೆ ಎರಡು ಫೋನು, ಕೆಲವರಿಗೆ ಮೂರು. ಆ ಫೋನುಗಳ ಹಿಂದೆ, ಶಂಕರಣ್ಣನ ಸ್ಟಿಕ್ಕರ್ ಕೆಳಗೆ, ಮೀಟರ್ ನಿದ್ದೆಯಲ್ಲಿದೆ.

ಈ ನಡುವೆ 2025ರ ಮೇನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅವರು ಆ ಗುಂಡಿಗಳ ಹಾಗೆ ಮುಂಗಡ ಟಿಪ್ ಕೇಳುವುದು ಅನೈತಿಕ ಎಂದರು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದಿಂದ ನೋಟಿಸೂ ಹೋಯಿತು. ಜೂನ್ 16ರಿಂದ ಹೈಕೋರ್ಟ್ ಆದೇಶದಂತೆ ಬೈಕ್ ಟ್ಯಾಕ್ಸಿ ನಿಂತವು. ನಿಂತ ಬೆನ್ನಿಗೇ ಆ್ಯಪ್‌ಗಳಲ್ಲಿ ಬೈಕ್ ಪಾರ್ಸೆಲ್ ಎಂಬ ಸೇವೆ ಎದ್ದು ಕಂಡಿತು. ಜನ ತಮ್ಮನ್ನೇ ಪಾರ್ಸೆಲ್ ಎಂದು ಬುಕ್ ಮಾಡಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಆಫೀಸಿಗೆ ಡೆಲಿವರಿ ಆದರು. ಒಡೆಯುವ ವಸ್ತುವೇ ಎಂದು ಆ್ಯಪ್ ಕೇಳಿದ್ದರೆ ಏನು ಉತ್ತರ ಕೊಡುತ್ತಿದ್ದರೋ.

ಟಿಪ್ ಕೊಟ್ಟು, ಆಟೋ ಒಪ್ಪಿಕೊಂಡ ಮೇಲೆ ಸವಾರಿ ಶುರುವಾಯಿತು ಅಂದುಕೊಂಡರೆ ನೀವು ಊರಿಗೆ ಹೊಸಬರು. ಮೊದಲು ಫೋನು ಬರಬೇಕು.

"ಹಲೋ, ಎಲ್ಲಿಗೆ ಸರ್ ಡ್ರಾಪು?"

ಡ್ರಾಪ್ ಅವರ ಪರದೆಯ ಮೇಲೇ ಇದೆ. ಆದರೂ ನೀವು ಹೇಳಬೇಕು.

"ಕ್ಯಾಶಾ, ಆನ್‌ಲೈನಾ?"

ಹೇಳಬೇಕು.

"ಎಲ್ಲಿದೀರಾ ಸರ್? ನಾನು ಲೊಕೇಶನ್‌ಗೆ ಬಂದಿದೀನಿ."

"ನಾನೂ ಲೊಕೇಶನ್‌ನಲ್ಲೇ ಇದೀನಿ ಅಣ್ಣ. ಮೆಡಿಕಲ್ ಶಾಪ್ ಪಕ್ಕ, ಟ್ರಾನ್ಸ್‌ಫಾರ್ಮರ್ ಹತ್ರ."

"ಮೆಡಿಕಲ್ಲು ಎಲ್ಲಾ ಕಡೆ ಇದೆ ಸರ್. ದೊಡ್ಡದು ಏನಿದೆ ಹೇಳಿ."

"ಎದುರಿಗೆ ಮೆಟ್ರೋ ಪಿಲ್ಲರ್."

"ಪಿಲ್ಲರ್ ನಂಬರ್?"

ಇಲ್ಲಿ ಆಗುವ ತಪ್ಪಿಗೆ ಕಾರಣ ಸರಳ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,000 ಕಿಲೋಮೀಟರ್ ಮೇಲೆ. ಮೇಲುಸೇತುವೆ ಕೆಳಗೆ ಅದರ ಸಿಗ್ನಲ್‌ಗೆ ತಡೆ ಬೀಳುತ್ತದೆ, ಗಾಜಿನ ಕಟ್ಟಡಗಳಿಗೆ ಬಡಿದು ವಾಪಸ್ ಬರುತ್ತದೆ, ಪಿನ್ ಹತ್ತಿಪ್ಪತ್ತು ಮೀಟರ್ ಆಚೀಚೆ ಹೋಗುತ್ತದೆ. ಬೇರೆ ಕಡೆ ಇಪ್ಪತ್ತು ಮೀಟರ್ ಅಂದರೆ ನಾಲ್ಕು ಹೆಜ್ಜೆ ಮುಂದೆ ಬಂದರಾಯಿತು. ಔಟರ್ ರಿಂಗ್ ರೋಡಿನಲ್ಲಿ ಇಪ್ಪತ್ತು ಮೀಟರ್ ಅಂದರೆ ಡಿವೈಡರಿನ ಆಚೆ ಬದಿ, ಅಂದರೆ ಮುಂದಿನ ಯೂ ಟರ್ನ್, ಅಂದರೆ "ನೀವೇ ಈ ಕಡೆ ಬಂದುಬಿಡಿ ಸರ್". ಹಾಗಾಗಿ ಬುಕ್ ಮಾಡುವಾಗ ಫೋನು ತಾನೇ ಹಿಡಿದ ಜಾಗವನ್ನು ನಂಬಬೇಡಿ. ಪಿನ್ನನ್ನು ಬೆರಳಿನಿಂದ ಎಳೆದು, ನೀವು ನಿಂತ ಬದಿಯ ಸರ್ವಿಸ್ ರೋಡಿಗೇ ಇಡಿ. ಆಮೇಲೆ ಪಿಲ್ಲರ್ ನಂಬರ್ ಓದಿಕೊಂಡು ತಯಾರಾಗಿರಿ. ಕೊನೆಗೆ ದಾರಿ ತೋರಿಸುವುದು ಅದೇ.

ಕೆಲವು ಸಲ ಫೋನು ಇನ್ನೊಂದು ಕಾರಣಕ್ಕೆ ಬರುತ್ತದೆ. "ಸರ್, ಆ ಕಡೆ ಫುಲ್ ಜಾಮು. ನೀವೇ ಕ್ಯಾನ್ಸಲ್ ಮಾಡಿ." ಅವರೇ ಮಾಡಿದರೆ ಅವರ ಕ್ಯಾನ್ಸಲ್ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೆ. ನೀವು ಮಾಡಲು ಹೋದರೆ ಆ್ಯಪ್ ಕಾರಣ ಕೇಳಿ ಒಂದು ಪಟ್ಟಿ ಕೊಡುತ್ತದೆ. ಚಾಲಕರೇ ಹೇಳಿದರು ಎಂಬ ಸಾಲನ್ನೇ ಒತ್ತಿ. "ಮನಸ್ಸು ಬದಲಾಯಿತು" ಎಂದು ದೊಡ್ಡತನ ತೋರಿದರೆ ದಂಡ ನಿಮ್ಮ ತಲೆಗೆ. ಕಾಯುತ್ತಾ ಕೂತರೆ ನಕ್ಷೆಯ ಮೇಲಿನ ಆ ಪುಟ್ಟ ಆಟೋ ನಿಮಗೆ ಬೆನ್ನು ತಿರುಗಿಸಿಕೊಂಡು ಎತ್ತಲೋ ಹೋಗುತ್ತಿರುವುದನ್ನು ನೇರಪ್ರಸಾರದಲ್ಲಿ ನೋಡಬಹುದು.

ಇದಕ್ಕೆ ಕಾನೂನು ಇಲ್ಲವೇ ಎಂದು ಕೇಳುವವರಿಗೆ, ಇದೆ. ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್, ಮೂರನೇ ಉಪಸೆಕ್ಷನ್: ಬಾಡಿಗೆಗೆ ಬರಲು ನಿರಾಕರಿಸಿದರೆ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ 50 ರೂಪಾಯಿವರೆಗೆ ದಂಡ. ಉಳಿದ ವಾಹನಗಳಿಗೆ 2019ರ ತಿದ್ದುಪಡಿಯಲ್ಲಿ 500 ಮಾಡಿದರು. ಮೂರು ಚಕ್ರದ್ದು ಐವತ್ತಕ್ಕೇ ನಿಂತಿದೆ. ಬರಲ್ಲ ಅಂದರೆ ಹೆಚ್ಚೆಂದರೆ ಐವತ್ತು ಕಳೆದುಕೊಳ್ಳುವುದು, ಅದೂ ಪೊಲೀಸರು ಹಿಡಿದರೆ. ಒಂದು ನಿಮಿಷ ತಡೆದು ಬರ್ತೀನಿ ಅಂದರೆ ಇಪ್ಪತ್ತೋ ಮೂವತ್ತೋ ಗ್ಯಾರಂಟಿ. ನಿರಾಕರಣೆಗೂ ಒಪ್ಪಿಗೆಗೂ ಹೆಚ್ಚುಕಮ್ಮಿ ಒಂದೇ ಧಾರಣೆ ಇಟ್ಟ ಊರಿನಲ್ಲಿ ಆಗಾಗ ವಿಶೇಷ ಕಾರ್ಯಾಚರಣೆ ನಡೆಯುತ್ತದೆ, ಒಂದಷ್ಟು ಆಟೋ ಜಪ್ತಿಯಾಗುತ್ತವೆ, ಫೋಟೋ ಬರುತ್ತದೆ.

ಇಳಿಯುವಾಗ ಕೊನೆಯ ಅಂಕ. ಆ್ಯಪ್‌ನಲ್ಲಿ ಎಲ್ಲ ಸೇರಿ 132. "ನೂರನಲವತ್ತು ಮಾಡಿ ಸರ್, ರೌಂಡ್ ಫಿಗರ್." ಚಿಲ್ಲರೆ ಇಲ್ಲ ಎಂಬ ಕಾಲದಲ್ಲಿ ರೌಂಡ್ ಫಿಗರಿಗೆ ಒಂದು ಅರ್ಥವಿತ್ತು. ಸೀಟಿನ ಹಿಂದೆ ಕ್ಯೂಆರ್ ಅಂಟಿಸಿ, ಪೈಸೆ ಲೆಕ್ಕದಲ್ಲೂ ಕಳಿಸಬಹುದಾದ ಕಾಲದಲ್ಲೂ ಆ ಎಂಟು ರೂಪಾಯಿ ಬದುಕಿದೆ. ವಾದ ಮಾಡುವವರು ಮಾಡಬಹುದು. ಹಿಂದಿನ ಕಾರು ಹಾರ್ನ್ ಒತ್ತಿ ಹಿಡಿದಿರುವುದರಿಂದ ಹೆಚ್ಚಿನವರು ನೂರನಲವತ್ತು ಕೊಟ್ಟು ಇಳಿಯುತ್ತಾರೆ.

ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಫೋನು ಮತ್ತೆ ನಡುಗುತ್ತದೆ. ಸವಾರಿ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ? ಕೊಟ್ಟಿರಿ. ಚಾಲಕರ ಸೇವೆ ಮೆಚ್ಚುಗೆಯಾಯಿತೇ, ಟಿಪ್ ಕೊಡಲು ಬಯಸುವಿರಾ? ಹತ್ತು, ಇಪ್ಪತ್ತು, ಮೂವತ್ತು. ಬೇಡ ಅನ್ನುವ ಗುಂಡಿಯೂ ಇದೆ, ತೀರಾ ಕೆಳಗೆ, ಬಿಳಿ ಹಿನ್ನೆಲೆಯಲ್ಲಿ ತಿಳಿ ಬೂದು ಬಣ್ಣದಲ್ಲಿ. ಬಿಸಿಲಲ್ಲಿ ಕಾಣುವುದಿಲ್ಲ, ನೆರಳಿಗೆ ಹೋಗಿ ಹುಡುಕಿ.