ಎಂಟನೇ ದಿನದ ಫ್ಲಶ್

ರುಚಿ ಪರೀಕ್ಷೆಗೆ ಚಹಾ ಮಾಡುವುದು ಹೇಗೆ ಎಂಬುದಕ್ಕೂ ಒಂದು ಅಂತಾರಾಷ್ಟ್ರೀಯ ಮಾನದಂಡ ಇದೆ. ಹೆಸರು ಐಎಸ್‌ಒ 3103, ಹೊರಬಂದದ್ದು 1980ರಲ್ಲಿ. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ ಹಾಕಿ 6 ನಿಮಿಷ ಬಿಡಬೇಕು, ಪಾತ್ರೆ ಬಿಳಿ ಪಿಂಗಾಣಿಯದೋ ಮೆರುಗು ಹಚ್ಚಿದ ಮಣ್ಣಿನದೋ ಆಗಿರಬೇಕು. ಇದರದೇ ಅಣ್ಣನಂಥ ಆರು ಪುಟದ ಬ್ರಿಟಿಷ್ ಮಾನದಂಡಕ್ಕೆ 1999ರಲ್ಲಿ ಇಗ್ ನೊಬೆಲ್ ಎಂಬ ನಗೆಪ್ರಶಸ್ತಿಯೂ ಸಿಕ್ಕಿತು. ಊರೆಲ್ಲ ನಕ್ಕಿತು. ಹುಬ್ಬಳ್ಳಿಯವರು ಮಾತ್ರ ನಗುವ ಹಾಗಿಲ್ಲ, ಏಕೆಂದರೆ ಅದರಲ್ಲಿ ನಮಗೆಂದೇ ಬರೆದಂಥ ಒಂದು ಮಾತಿದೆ: ಆ ಚಹಾ ಯಾವ ಊರಿನವರ ಹೊಟ್ಟೆ ಸೇರಲಿದೆಯೋ, ಪರೀಕ್ಷೆಗೆ ಬಳಸುವ ನೀರೂ ಆ ಊರಿನ ಕುಡಿಯುವ ನೀರಿನಂಥದ್ದೇ ಇರಬೇಕು.

ಸರಿ. ಹುಬ್ಬಳ್ಳಿ-ಧಾರವಾಡದ ನೀರು ಅಂದರೆ, ಯಾವ ದಿನದ ನೀರು?

ಪರಊರಿನವರಿಗಾಗಿ ಹೇಳುತ್ತೇನೆ. ಮಲಪ್ರಭೆಯ ನೀರು ನವಿಲುತೀರ್ಥದಿಂದ ಅಮ್ಮಿನಬಾವಿಗೆ ಬಂದು, ಶುದ್ಧವಾಗಿ, ಅವಳಿ ನಗರಕ್ಕೆ ಹರಿಯುತ್ತದೆ. ಹುಬ್ಬಳ್ಳಿಗೆ ಕಲಘಟಗಿ ಕಡೆಯ ನೀರಸಾಗರದ ಆಸರೆಯೂ ಉಂಟು, ಅದು ಬತ್ತದೆ ಇದ್ದ ವರ್ಷ. ನದಿ ದಿನವೂ ಇರುತ್ತದೆ, ಪೈಪೂ ದಿನವೂ ಇರುತ್ತದೆ. ಎರಡೂ ಭೇಟಿಯಾಗುವುದು ಎಷ್ಟೋ ಓಣಿಗಳಲ್ಲಿ ವಾರಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಪಂಚಾಂಗ ಇನ್ನೂ ಒಂದೆರಡು ದಿನ ಮುಂದೆ ಹೋಗುತ್ತದೆ. ನಳ ಯಾವಾಗ ಬರುತ್ತದೆಂದು ಬಲ್ಲವನು ಜಗತ್ತಿನಲ್ಲಿ ಒಬ್ಬನೇ, ವಾಲ್‌ಮನ್. ಅವನ ಮೊಬೈಲ್ ನಂಬರ್ ಇದ್ದವರಿಗೆ ಓಣಿಯಲ್ಲಿ ಕಾರ್ಪೊರೇಟರ್‌ಗಿಂತ ಹೆಚ್ಚು ಮರ್ಯಾದೆ.

ಇಂಥ ಊರಿಗೆ ಈಗ ‘ಕ್ಷಣಕ್ಕೊಂದು ಚಹಾ’ ಎನ್ನುವ ಅಂಗಡಿ ಬಂದಿದೆ. ಗಾಜಿನ ಬಾಗಿಲು, ಹಳದಿ ದೀಪ, ಸ್ಲೇಟಿನಂಥ ಬೋರ್ಡು. ಮುಂಜಾನೆಯ ಉಲ್ಲಾಸಕ್ಕೆ ಡಾರ್ಜಿಲಿಂಗ್ ಫಸ್ಟ್ ಫ್ಲಶ್, ಊಟವಾದ ಮೇಲೆ ಊಲಾಂಗ್, ಏಕಾಂತಕ್ಕೆ ವೈಟ್ ಟೀ, ಮನಸ್ಸಿಗೆ ಚಿಂತೆಯಾದರೆ ಕ್ಯಾಮೊಮೈಲ್. (ಈ ಕ್ಯಾಮೊಮೈಲಿಗೂ ಚಹಾ ಗಿಡಕ್ಕೂ ನೆಂಟಸ್ತನವೇ ಇಲ್ಲ. ಅದು ನಮ್ಮ ಸೇವಂತಿಗೆಯ ದಾಯಾದಿ. ಚಿಂತೆಯಾದವನಿಗೆ ಸೇವಂತಿಗೆ ಕುದಿಸಿ ಕೊಟ್ಟು ದುಡ್ಡು ಇಸಿದುಕೊಂಡರೆ ಚಿಂತೆ ಕಡಿಮೆಯಾಗುತ್ತದೆಯೋ, ಹೆಚ್ಚಾಗುತ್ತದೆಯೋ!) ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ‘ಆಗತಾನೇ ಹಿಡಿದ ತಾಜಾ ನೀರಿನಲ್ಲೇ ತಯಾರಿಸಲಾಗುತ್ತದೆ’.

ಆಗತಾನೇ! ಈ ಊರಲ್ಲಿ ‘ಆಗತಾನೇ’ ಎಂಬುದು ವಾರಕ್ಕೊಂದು ಸಲ ಬರುವ ಮುಹೂರ್ತ, ಅದೂ ಹೆಚ್ಚಾಗಿ ರಾತ್ರಿ ಎರಡೂವರೆಗೆ.

ಇನ್ನು ಕ್ಷಣಕ್ಕೆ ತಕ್ಕ ಚಾ ನಮಗೆ ಹೊಸದೇನಲ್ಲ. ದುರ್ಗದಬೈಲಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿಸುವ ತನಕ ಅರ್ಧ ಚಾ, ಬಿಲ್ ಹಾಕಿಸಿದ ಮೇಲೆ ಫುಲ್. ಧಾರವಾಡದ ಕೋರ್ಟಿನ ಹೊರಗೆ ತಾರೀಖು ಮುಂದಕ್ಕೆ ಹೋಯಿತೆಂದು ಕಕ್ಷಿದಾರ ಕುಡಿಸುವುದು ಒಂದು ಚಾ, ಹೋಗಲಿಲ್ಲವೆಂದು ಅವನೇ ಕುಡಿಸುವುದು ಇನ್ನೊಂದು. ಸಾಹಿತ್ಯ ಸಭೆಯ ಚಾ ಅಧ್ಯಕ್ಷರ ಭಾಷಣಕ್ಕೆ ಮೊದಲೇ ಬಂದುಬಿಟ್ಟರೆ ಅಧ್ಯಕ್ಷರು ಕುರ್ಚಿಗಳಿಗೆ ಮಾತಾಡಬೇಕಾಗುತ್ತದೆ, ಅದಕ್ಕೇ ಅನುಭವಸ್ಥ ಸಂಘಟಕರು ಫ್ಲಾಸ್ಕನ್ನು ವಂದನಾರ್ಪಣೆಯ ತನಕ ಒಳಗೇ ಇಟ್ಟಿರುತ್ತಾರೆ. ಕೋಲ್ಡ್ ಬ್ರೂ ಬೇಕೆನ್ನುವವರು ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಲಿ. 1507 ಮೀಟರ್ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಉದ್ದದ್ದು. ಈ ತುದಿಗೆ ಕೊಂಡ ಬಿಸಿ ಚಾ ಆ ತುದಿಯ ಬೋಗಿ ಮುಟ್ಟುವ ಹೊತ್ತಿಗೆ ತಾನೇ ಕೋಲ್ಡ್ ಆಗಿರುತ್ತದೆ, ದರ ಅದೇ.

ಹಾಗಾದರೆ ನಮಗೆ ಹೊಸದಾಗಿ ಕಲಿಯುವುದು ಏನೂ ಇಲ್ಲವೇ? ಇದೆ. ಫ್ಲಶ್ ಎಂಬ ವಿದ್ಯೆ. ಡಾರ್ಜಿಲಿಂಗಿನವರು ಮಾರ್ಚ್-ಏಪ್ರಿಲಿನಲ್ಲಿ ಕಿತ್ತ ಚಿಗುರಿಗೆ ಫಸ್ಟ್ ಫ್ಲಶ್ ಎನ್ನುತ್ತಾರೆ, ಮೇ-ಜೂನಿನದಕ್ಕೆ ಸೆಕೆಂಡ್, ಆಮೇಲೆ ಮಳೆಗಾಲದ್ದು, ಕೊನೆಗೆ ಶರತ್ಕಾಲದ್ದು. ಒಂದೇ ಗಿಡ, ನಾಲ್ಕು ದರ. ಎಲೆಗೆ ಇಷ್ಟು ಗೌರವ ಇರುವಾಗ ನೀರು ಏನು ಪಾಪ ಮಾಡಿತ್ತು? ನಮ್ಮ ನಳಕ್ಕೂ ಫ್ಲಶ್ ಇದೆಯಲ್ಲ! ಮೊದಲು ಹತ್ತು ನಿಮಿಷ ಬುಸ್ ಬುಸ್ ಎಂದು ಗಾಳಿ ಬಂದು, ಹಿಂದೆಯೇ ಕೆಂಪಗೆ ಇಳಿಯುವುದು ಫಸ್ಟ್ ಫ್ಲಶ್. ಇದಕ್ಕೆ ಚಾಪುಡಿ ಹಾಕುವ ಖರ್ಚೇ ಇಲ್ಲ, ಬಣ್ಣ ಅದಾಗಲೇ ಬಂದಿರುತ್ತದೆ. ತಿಳಿದ ಹೆಣ್ಣುಮಕ್ಕಳು ಇದನ್ನು ಅಂಗಳಕ್ಕೆ ಬಿಟ್ಟು, ನಳದ ಬಾಯಿಗೆ ಬಿಳಿ ಅರಿವೆ ಕಟ್ಟಿ, ಸೆಕೆಂಡ್ ಫ್ಲಶ್‌ಗೆ ಕೊಡ ಹಿಡಿಯುತ್ತಾರೆ. ಅಷ್ಟರಲ್ಲಿ ಮಗ್ಗಲ ಮನೆಯವರು ಮೋಟಾರ್ ಹಚ್ಚಿರುತ್ತಾರೆ. ಆ ನಂತರ ಸಣ್ಣ ದಾರದಂತೆ ಇಳಿಯುವುದು ಮೋಟಾರ್ ಫ್ಲಶ್. ಅದರ ಜೊತೆಗೆ ಬೈಗುಳ ಪುಕ್ಕಟೆ.

ಬಿಡ್ರಿ, ಅಸಲಿ ರುಚಿ ಹುಟ್ಟುವುದು ಹಿಡಿದಿಟ್ಟ ಮೇಲೆ. ಚೀನಾದ ಯುನ್ನಾನಿನಲ್ಲಿ ಪುಅರ್ ಎಂಬ ಚಹಾ ಇದೆ. ಹುದುಗಿಸಿ, ಬಿಲ್ಲೆ ಕಟ್ಟಿ, ವರ್ಷಗಟ್ಟಲೆ ಇಡುತ್ತಾರೆ. ಹಳತಾದಷ್ಟೂ ಬೆಲೆ ಏರುತ್ತದೆ. ಅವರು ಎಲೆಯನ್ನು ಹಳತು ಮಾಡಿದರು, ನಾವು ನೀರನ್ನು ಮಾಡಿದೆವು. ಮೂರನೇ ದಿನದ ನೀರಿಗೆ ಇನ್ನೂ ಹುಡುಗಾಟದ ಕ್ಲೋರಿನ್ ಘಮ. ಐದನೇ ದಿನಕ್ಕೆ ಬ್ಯಾರೆಲ್ಲಿನ ಪ್ಲಾಸ್ಟಿಕ್ ತನ್ನ ಗುಣ ಬಿಡುತ್ತದೆ. ಎಂಟನೇ ದಿನ, ತಳದಲ್ಲಿ ಚೊಂಬು ಗರಗರ ಉಜ್ಜುವ ಹೊತ್ತಿಗೆ, ಚಾಕ್ಕೆ ಬರುವ ಆ ಗಾಂಭೀರ್ಯ ಯಾವ ಎಸ್ಟೇಟಿನ ಎಲೆಗೂ ಬರುವುದಿಲ್ಲ. ಗ್ರೀನ್ ಟೀ ಪ್ರಿಯರಿಗಂತೂ ಈ ಊರು ಸ್ವರ್ಗ. ಅದಕ್ಕೆ ನೀರು ಕುದಿಯಬಾರದಂತೆ, 75-80 ಡಿಗ್ರಿ ಸಾಕಂತೆ. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲಿನ ಸಿಂಟೆಕ್ಸ್ ಅರ್ಧ ಕೆಲಸ ಮುಗಿಸಿಯೇ ನೀರು ಕೆಳಗೆ ಕಳಿಸುತ್ತದೆ.

ಚಾ ರುಚಿ ನೋಡುವ ಶಾಸ್ತ್ರ ಕನ್ಯಾ ನೋಡುವ ಮನೆಗಳಲ್ಲೂ ತಿರುವುಮುರುವಾಗಿದೆ. ಮೊದಲೆಲ್ಲ ಹುಡುಗಿ ಚಾ ತರುತ್ತಿದ್ದಳು, ಹುಡುಗನ ಕಡೆಯವರು ಒಂದು ಗುಟುಕು ಕುಡಿದು ತೂಗುತ್ತಿದ್ದರು. ಈಗ ಹುಡುಗಿಯ ಕಡೆಯವರು ಹುಡುಗನ ಮನೆ ನೋಡಲು ಬಂದಾಗ ಕಪ್ಪನ್ನು ಮೂಗಿನ ಹತ್ತಿರ ಹಿಡಿದು, ಸ್ವಲ್ಪ ತಡೆದು ಕೇಳುತ್ತಾರೆ: “ನಿಮ್ಮ ಓಣ್ಯಾಗ ನಳ ಎಷ್ಟ ದಿನಕ್ಕೊಮ್ಮೆ ಬರ್ತಾವರೀ?” ಹುಡುಗನ ಪಗಾರ ಆಮೇಲಿನ ಮಾತು.

2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಟ್ಟು ತೋರಿಸಿದರು. ನೀರು ಬಂತು, ನಿಜವಾಗಿಯೂ ಬಂತು. ಸುಳ್ಳು ಹೇಳಬಾರದು. ಅಂದಿನಿಂದ ಉಳಿದ ವಾರ್ಡುಗಳ ಪಾಲಿಗೆ ಅದೊಂದು ಪುರಾಣದ ಊರು. ಅಲ್ಲಿರುವ ಬೀಗರ ಮನೆಗೆ ಹಬ್ಬಕ್ಕೆ ಹೋದವರು ಊಟಕ್ಕಿಂತ ಸ್ನಾನದ ವರ್ಣನೆ ಜಾಸ್ತಿ ಮಾಡುತ್ತಾರೆ. ‘ಇಡೀ ನಗರಕ್ಕೆ ಶೀಘ್ರದಲ್ಲೇ’ ಎಂಬ ಮಾತು ಆಗಿನಿಂದ ಕುದಿಯುತ್ತಲೇ ಇದೆ. 6 ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಕಹಿಯಾಗುತ್ತದೆಂದು ಯಾರೂ ಹೇಳಿಲ್ಲವೇನೋ. ನಡುವೆ 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. 1962ರಿಂದ ಕೂಡಿದ್ದ ಮನೆಯಲ್ಲಿ ಹಿಸೆ. ಪಟಾಕಿ, ಪೇಢಾ, ಚಾ. ನೀರಿನ ಹಿಸೆ ಹೇಗೆ ಎಂದು ಕೇಳಿದವನಿಗೆ ಇನ್ನೊಂದು ಪೇಢಾ ಕೊಟ್ಟು ಬಾಯಿ ಮುಚ್ಚಿಸಲಾಯಿತು.

ನೀರಿನ ಸಮಸ್ಯೆ ಕುರಿತ ಸಭೆಗಳಿಗೂ ಒಂದು ಚಹಾ ಇದೆ. ಮೇಜಿನ ಮೇಲೆ ಸೀಲ್ ಮಾಡಿದ ಬಾಟಲಿಗಳು, ಚಹಾಕ್ಕೆ ಹೊರಗಿನಿಂದ ತರಿಸಿದ ಕ್ಯಾನು. ಊರಿನ ನೀರು ಆ ಕೋಣೆಯೊಳಗೆ ಕಡತದಲ್ಲಿ ಮಾತ್ರ ಇರುತ್ತದೆ. ಐಎಸ್‌ಒ 3103ರ ಪ್ರಕಾರ ಇದು ನೇರ ಉಲ್ಲಂಘನೆ. ಎಂಟನೇ ದಿನದ ಬ್ಯಾರೆಲ್ಲಿನ ತಳದ ನೀರಿನಲ್ಲಿ ಚಹಾ ಮಾಡಿ, ಬಿಳಿ ಪಿಂಗಾಣಿಯಲ್ಲಿ ಇಟ್ಟು, ಸಭೆಯ ಪ್ರತಿಯೊಬ್ಬರಿಗೂ ಎರಡೆರಡು ಕಪ್ ಕೊಡಬೇಕು. ಮಾನದಂಡ ಅಂದಮೇಲೆ ಮಾನದಂಡ.

ಹೋದ ತಿಂಗಳು ಚಹಾ ರುಚಿ ನೋಡುವುದನ್ನು ಕಲಿಸಲೆಂದೇ ದೊಡ್ಡ ಊರಿನಿಂದ ಒಬ್ಬ ತರುಣ ಬಂದಿದ್ದ. ಸಾಲಾಗಿ ಬಿಳಿ ಬಟ್ಟಲು, ಪಕ್ಕದಲ್ಲೊಂದು ಪೀಕದಾನಿ. ಚಹಾವನ್ನು ಸುರ್ ಎಂದು ಜೋರಾಗಿ ಎಳೆದುಕೊಳ್ಳಬೇಕು, ಆಗಲೇ ಅದು ನಾಲಿಗೆಯ ತುಂಬ ಹರಡುತ್ತದೆ, ಆಮೇಲೆ ಉಗುಳಬೇಕು ಎಂದ. ಬಶಿಯಲ್ಲಿ ಸುರಿದುಕೊಂಡು ಸುರ್ ಎನ್ನಿಸಿದ್ದಕ್ಕೆ ಜೀವನಪೂರ್ತಿ ಸೊಸೆಯಂದಿರಿಂದ ಬೈಸಿಕೊಂಡ ಹಿರಿಯರೊಬ್ಬರು ಎದೆ ಸೆಟೆಸಿ ಕೂತರು. ಉಗುಳುವ ಭಾಗಕ್ಕಂತೂ ನಮ್ಮ ಜನಕ್ಕೆ ತರಬೇತಿಯೇ ಬೇಕಿರಲಿಲ್ಲ, ಪೀಕದಾನಿಗೇ ಉಗುಳಬೇಕು ಎಂಬುದೊಂದೇ ಹೊಸತು.

“ಈಗ ಹೇಳಿ, ಇದರಲ್ಲಿ ನಿಮಗೆ ಯಾವ ಪರಿಮಳ ಸಿಗ್ತಾ ಇದೆ? ಹೂವಾ? ಹಣ್ಣಾ?”

“ಬ್ಲೀಚಿಂಗ್ ಪೌಡರ್,” ಅಂದರು ಒಬ್ಬರು.

“ಇಲ್ರೀ, ಸ್ವಲ್ಪ ಕಬ್ಬಿಣ ಐತಿ,” ಅಂದರು ಇನ್ನೊಬ್ಬರು.

ಹಿಂದೆ ಕೂತಿದ್ದ ಅಕ್ಕಾರು ಎರಡನೇ ಸಲ ಸುರ್ ಎಂದು ಎಳೆದು, ಕಣ್ಣು ಮುಚ್ಚಿ ತೀರ್ಪು ಕೊಟ್ಟರು: “ಇದು ಹೋದ ಮಂಗಳವಾರದ ನೀರು. ಅವತ್ತ ನಮ್ಮ ಕಡೆ ಪೈಪ್ ಒಡದಿತ್ತು.”

ತರುಣ ಬೆವರು ಒರೆಸಿಕೊಂಡು ಮುಂದಿನ ಬಟ್ಟಲಿಗೆ ಕೈ ಹಾಕಿದ. ಅಷ್ಟರಲ್ಲಿ ಯಾರದೋ ಮೊಬೈಲ್ ಬಡಿಯಿತು. “ಏನಂದಿ? ನಳ ಬಂದಾವ?” ಮರುಗಳಿಗೆ ಕುರ್ಚಿಗಳೆಲ್ಲ ಖಾಲಿ. ಎರಡು ಬಟ್ಟಲು ಉರುಳಿದವು, ವೈಟ್ ಟೀ ಹಾಸಿನ ಮೇಲೆ ಹರಿಯಿತು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಅಕ್ಕಾರು ಮಾತ್ರ ಒಮ್ಮೆ ತಿರುಗಿ ನೋಡಿದರು.

“ತಮ್ಮಾ, ಸುಮ್ನ ಯಾಕ ನಿಂತಿ? ಆ ಪೀಕದಾನಿ ಬಿಟ್ಟು ಉಳಿದಿದ್ದ ಭಾಂಡಿ ಎಲ್ಲಾ ತಗೊಂಡ ಬಾ. ಒಂದ ತಾಸಷ್ಟ ಇರ್ತಾವ.”